ಸೂಜಿ ಚುಚ್ಚಿದ ಮಣಿ

ಉತ್ತರ ಗೊತ್ತಿದ್ದೂ ಬಾಯಿ ಬಿಡದವರನ್ನು ನಾನು ವ್ಯಾಪಾರದಲ್ಲಿ ಬೇಕಾದಷ್ಟು ನೋಡಿದ್ದೇನೆ. ಅವರ ಮೌನಕ್ಕೊಂದು ಕಾರಣವಿರುತ್ತದೆ, ಆ ಕಾರಣದ ಬೆನ್ನಿಗೊಂದು ಲಾಭವಿರುತ್ತದೆ. ಯಾವ ಲಾಭವೂ ಇಲ್ಲದೆ, ಯಾರ ಮೇಲೂ ಹಗೆಯಿಲ್ಲದೆ, ಕೇವಲ ತತ್ತ್ವಕ್ಕೋಸ್ಕರ ಬಾಯಿಗೆ ಬೀಗ ಜಡಿದುಕೊಂಡು ಮೂವತ್ತೈದು ವರ್ಷ ಮೇಷ್ಟರಿಕೆ ಮಾಡಿದವರು ನಾನು ಕಂಡಂತೆ ಒಬ್ಬರೇ, ಮತ್ತು ನನ್ನ ಗ್ರಹಚಾರಕ್ಕೆ ಅವರು ನನ್ನ ಅಕ್ಕನ ಗಂಡ. ಸಂಜೆ ಪಡುವಣದಲ್ಲಿ ಥಳಥಳಿಸುವುದನ್ನು ತೋರಿಸಿ, "ಭಾವ, ಅದು ಶುಕ್ರಾನಾ?" ಎಂದು ಕೇಳಿ ನೋಡಿ. ಕತ್ತನ್ನು ಬಲಕ್ಕೆ ವಾಲಿಸಿ, ನಿಮ್ಮನ್ನು ಅದೇ ಮೊದಲ ಸಲ ಕಾಣುತ್ತಿರುವವರ ಹಾಗೆ ದಿಟ್ಟಿಸಿ, "ಇರಲಿ, ನಿನಗೇನು ಕಾಣ್ತಿದೆ?" ಎನ್ನುತ್ತಾರೆ. ಬೆಳಕು ಎಂದರೆ ಎಂಥ ಬೆಳಕು, ಬಿಳಿ ಎಂದರೆ ಎಷ್ಟು ಬಿಳಿ, ಮಿನುಗುತ್ತಿದೆಯೋ ಸುಮ್ಮನೆ ನಿಂತಿದೆಯೋ. ಐದನೆಯ ಪ್ರಶ್ನೆಗೆ ಬರುವಷ್ಟರಲ್ಲಿ ಶುಕ್ರ ಮುಳುಗಿರುತ್ತದೆ, ಜತೆಗೆ ನಿಮ್ಮ ತಾಳ್ಮೆಯೂ.

ನಡುಬೇಸಗೆಯಲ್ಲಿ, ಡಾಂಬರು ಕರಗಿ ಚಪ್ಪಲಿಗೆ ಮೆತ್ತಿಕೊಳ್ಳುವ ಮಧ್ಯಾಹ್ನದಲ್ಲೂ, ಅವರ ಮೈಮೇಲೆ ಮೊಣಕಾಲು ಮುಟ್ಟುವ ಒಂದು ಕಂದು ಕೋಟು ಇರುತ್ತದೆ. ಹೊರಗೆ ನಾಲ್ಕು, ಒಳಗೆ ಏಳು, ಒಟ್ಟು ಹನ್ನೊಂದು ಜೇಬು. ಒಳಗಿನ ಏಳನ್ನು ಹೊಲಿದವಳು ಅಕ್ಕ, ಪ್ರತಿ ಹೊಲಿಗೆಗೂ ಒಂದು ಬೈಗುಳ ಸೇರಿಸಿ. ಕೆಂಪು ಕಾಗದ ಸುತ್ತಿದ ಟಾರ್ಚು, ಗುಂಡು ಕಟ್ಟಿದ ದಾರ, ಸೀಮೆಸುಣ್ಣ, ಮೊಂಡು ಪೆನ್ಸಿಲುಗಳು, ಮಡಿಸಿದ ಖಾಲಿ ಹಾಳೆಗಳು, ಮತ್ತು ನನ್ನ ಅಂಗಡಿಯಿಂದ ಹೇಳದೆ ಕೇಳದೆ ಒಯ್ದ ಒಂದೆರಡು ಗಾಜು, ಇವಿಷ್ಟೂ ಅದರಲ್ಲಿ ಸಂಸಾರ ಹೂಡಿವೆ. ಎಡಗಡೆಯ ಒಳಜೇಬಿನಲ್ಲಿ ಮಾತ್ರ ಒಂದೇ ಒಂದು ಕಾಗದ, ಮಡಿಕೆ ಮಡಿಕೆಗೂ ಸವೆದದ್ದು. ಶಾಲೆಯ ಮಾಳಿಗೆಯ ಮೇಲೆ ದೂರದರ್ಶಕಕ್ಕೆಂದು ಕಟ್ಟಬೇಕಾದ, ಗುಮ್ಮಟ ತಿರುಗುವ ಒಂದು ಪುಟ್ಟ ಕೋಣೆಯ ನಕ್ಷೆ ಅದು. ಇಪ್ಪತ್ತು ವರ್ಷದಿಂದ ಅಲ್ಲೇ ಇದೆ. ನಿವೃತ್ತರಾದ ಮೇಲೂ ಪ್ರತಿ ಬೇಸಗೆ ರಜೆಯಲ್ಲಿ ಅದೇ ಶಾಲೆಯಲ್ಲಿ ಆರು, ಏಳು, ಎಂಟನೆಯ ತರಗತಿಯ ಮಕ್ಕಳಿಗೆ ಮೂರು ವಾರದ ನಕ್ಷತ್ರ ಶಿಬಿರ ನಡೆಸುವಾಗ, ಮಾತಿನ ನಡುವೆ ಕೈ ತಾನಾಗಿ ಆ ಜೇಬಿಗೆ ಹೋಗಿ ತಟ್ಟಿ ಬರುತ್ತದೆ, ಕೂಸು ನಿದ್ದೆ ಮಾಡುತ್ತಿದೆಯೋ ಇಲ್ಲವೋ ಎಂದು ನೋಡುವ ಹಾಗೆ.

ನಡಿಗೆಯದು ಇನ್ನೊಂದು ಕಥೆ. ದೂರದರ್ಶಕದ ಕನ್ನಡಿಯನ್ನು ಅವರು ಕೊಂಡದ್ದಲ್ಲ, ಉಜ್ಜಿ ಮಾಡಿದ್ದು. ಹಿತ್ತಿಲಲ್ಲಿ ಪೀಪಾಯಿಯೊಂದನ್ನು ನಿಲ್ಲಿಸಿ, ಮೇಲೆ ಒಂದು ದಪ್ಪ ಗಾಜಿನ ಬಿಲ್ಲೆ ಕೂರಿಸಿ, ಒದ್ದೆ ಪುಡಿ ಹಾಕಿ ಇನ್ನೊಂದು ಗಾಜಿನಿಂದ ತಿಕ್ಕುತ್ತಾ, ಸವೆತ ಎಲ್ಲ ಕಡೆಗೂ ಒಂದೇ ಸಮ ಬರಲೆಂದು ಹೆಜ್ಜೆ ಹೆಜ್ಜೆಯಾಗಿ ಪೀಪಾಯಿಯ ಸುತ್ತ ಸರಿಯುತ್ತಾ ಹದಿನಾಲ್ಕು ತಿಂಗಳು ಸುತ್ತಿದರು. "ಗಾಣದ ಎತ್ತು ಸುತ್ತಿದ್ರೆ ಎಣ್ಣೆಯಾದ್ರೂ ಬರುತ್ತೆ," ಎಂದು ಅಕ್ಕ ಒಗೆದ ಬಟ್ಟೆ ಕೊಡವುತ್ತಾ ಹೇಳುತ್ತಿದ್ದಳು. ಆ ಅಭ್ಯಾಸ ಕಾಲಿಗೆ ಹತ್ತಿತೋ ಏನೋ, ಇವತ್ತಿಗೂ ರಸ್ತೆಯಲ್ಲಿ ನೇರ ಹೊರಟವರು ನಾಲ್ಕು ಮಾರು ಹೋಗುವಷ್ಟರಲ್ಲಿ ಎಡಕ್ಕೆ ಬಾಗುತ್ತಾರೆ. ಜತೆಯಲ್ಲಿ ನಡೆಯುವವನು ಚರಂಡಿಯ ಕಡೆಗಿದ್ದರೆ ಅವನ ಪುಣ್ಯ ಅವನದು.

ಶಿಬಿರದ ಮೊದಲ ವಾರ ದೂರದರ್ಶಕಕ್ಕೆ ಹೊದಿಸಿದ ಬಟ್ಟೆಯನ್ನೇ ಅವರು ತೆಗೆಯುವುದಿಲ್ಲ. ಮೈದಾನದ ನಡುವೆ ಒಂದು ಕೋಲು ನೆಟ್ಟು, ಗುಂಡು ಕಟ್ಟಿದ ದಾರದಿಂದ ಅದು ನೆಟ್ಟಗಿದೆಯೇ ಎಂದು ನೋಡಿ, ಕಾಲು ಗಂಟೆಗೊಮ್ಮೆ ಅದರ ನೆರಳಿನ ತುದಿಗೆ ಗುರುತು ಹಾಕಿಸುತ್ತಾರೆ. ಬಿಸಿಲಲ್ಲಿ ಮಕ್ಕಳ ಮುಖ ಇಟ್ಟಿಗೆಯಾಗುತ್ತದೆ. ಒಂದು ವರ್ಷ ತಂದೆಯೊಬ್ಬರು ನನ್ನ ಅಂಗಡಿಗೇ ಬಂದು ಜಗಳ ತೆಗೆದರು: "ನಾವು ಮಗನ್ನ ಕಳಿಸಿದ್ದು ನಕ್ಷತ್ರ ನೋಡೋಕೆ. ನಿಮ್ಮ ಭಾವ ಒಂದು ವಾರದಿಂದ ಕೋಲು ನೋಡಿಸ್ತಿದ್ದಾರೆ. ಕೋಲು ನಮ್ಮ ಮನೇಲೂ ಇದೆ ಸ್ವಾಮಿ." ಆ ಮಾತನ್ನು ಹಾಗೆಯೇ ಭಾವನಿಗೆ ಮುಟ್ಟಿಸಿದೆ. ಅವರಿಗೆ ಸಂತೋಷವಾಯಿತು. "ಇದೆಯಂತಾ? ಹಾಗಾದ್ರೆ ಮನೇಲೂ ಗುರುತು ಹಾಕ್ಲಿ," ಎಂದರು. ಇಂಥವರೊಡನೆ ಯಾರು ಏಗುವುದು!

ನನ್ನದು ಕನ್ನಡಕದ ಅಂಗಡಿ. ಗೋಡೆಯ ಮೇಲೆ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ಅಕ್ಷರಗಳ ಹಲಗೆ, ಎದುರಿಗೆ ಕುರ್ಚಿ, ಪಕ್ಕದಲ್ಲಿ ಸರದಿ ಕಾಯುವವರ ಬೆಂಚು. ಬೆಂಚಿನ ಮೇಲೆ ಕೂತವರು ಮುಂದಿನವರು ಓದುವುದನ್ನು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿರುತ್ತಾರೆ. ಕುರ್ಚಿಗೆ ಬಂದದ್ದೇ ತಡ, ಕಟ್ಟಕಡೆಯ ಸಾಲಿನವರೆಗೆ ಗಡಗಡನೆ ಒಪ್ಪಿಸುತ್ತಾರೆ. ಮೋಸ ಮಾಡಬೇಕೆಂದಲ್ಲ. ಗೊತ್ತಿರುವುದೇ ಕಾಣುತ್ತಿದೆ ಎಂದು ಅವರು ಮನಸಾರೆ ನಂಬಿರುತ್ತಾರೆ, ಆಮೇಲೆ ಕನ್ನಡಕ ಸರಿಯಿಲ್ಲವೆಂದು ನನ್ನನ್ನು ಬೈಯುತ್ತಾರೆ. ಅದಕ್ಕೇ ನಾನು ಎರಡು ಹಲಗೆ ಮಾಡಿಸಿಟ್ಟಿದ್ದೇನೆ. ಒಬ್ಬರು ಎದ್ದ ಕೂಡಲೇ ಹಲಗೆ ಬದಲಿಸುತ್ತೇನೆ. ಈ ಉಪಾಯದ ಬಗ್ಗೆ ನನಗೆ ಸಣ್ಣದಲ್ಲದ ಜಂಬವೂ ಇತ್ತು.

ನಾಲ್ಕು ವರ್ಷದ ಹಿಂದೆ, ಶಿಬಿರಕ್ಕೆ ಎರಡು ತಿಂಗಳು ಮುಂಚೆ, ಏಳನೆಯ ತರಗತಿಯ ಹುಡುಗಿಯೊಬ್ಬಳು ತಾಯಿಯ ಜತೆ ಬಂದಳು. ಮಗಳಿಗೆ ಕನ್ನಡಕ ಬರುವುದೇ ಬೇಡವೆಂದು ತಾಯಿ ಹಿಂದಿನಿಂದ ಮೂರನೆಯ ಸಾಲನ್ನು ಪಿಸುಗುಟ್ಟುತ್ತಿದ್ದರು. ಹುಡುಗಿ ತಿರುಗಿ, "ಅಮ್ಮಾ, ನೀನು ಹೇಳ್ಬೇಡ. ನಂಗೆ ಕಾಣ್ತಿಲ್ಲ," ಎಂದಳು. ಕನ್ನಡಕ ಸಿದ್ಧವಾಗಿ ಹಾಕಿಸಿದ ದಿನ ನನ್ನ ಮುಖವನ್ನೇ ನೋಡಿ ಮೊದಲು ಹೇಳಿದ ಮಾತು: "ಅಂಕಲ್, ನಿಮ್ಮ ಮೂಗಿನ ತುದೀಲಿ ಒಂದು ಕೂದಲಿದೆ." ಗಾಜು ದಪ್ಪ, ಶಾಲೆಯ ಮಕ್ಕಳು ಅವಳಿಗೆ ಸೋಡಾಬುಡ್ಡಿ ಎಂದು ನಾಮಕರಣ ಮಾಡಿದರು, ಆಮೇಲೆ ಚಿಕ್ಕದು ಮಾಡಿ ಬುಡ್ಡಿ. ಇವಳಿಗೂ ನನ್ನ ಭಾವನಿಗೂ ಸರಿಹೋದೀತೆಂದು ಶಿಬಿರಕ್ಕೆ ಸೇರಿಸಲು ಹೇಳಿದವನು ನಾನೇ. ಮುಂದೆ ಆದದ್ದರಲ್ಲಿ ನನ್ನದೂ ಪಾಲಿದೆ ಎನ್ನುವುದಕ್ಕಾಗಿ ಇದನ್ನು ಹೇಳಿದೆ.

ಅದೇ ವರ್ಷ ಶಾಲೆಯ ಮೇಲೆ ಹೊಸ ಮಾಳಿಗೆ ಏಳುತ್ತಿತ್ತು. ಅದರ ನೆತ್ತಿಯ ಮೇಲೆ ಒಂದು ಕೋಣೆಗೆ ಜಾಗವಿತ್ತು. ಆಡಳಿತ ಮಂಡಳಿಯ ಅಧ್ಯಕ್ಷೆ ಶಿಬಿರದ ಕೊನೆಯ ದಿನ, ಶನಿವಾರ ಸಂಜೆ ಪ್ರದರ್ಶನಕ್ಕೆ ಬರುವರೆಂದೂ, ಮಕ್ಕಳ ಕೆಲಸ ನೋಡಿ ಮೆಚ್ಚಿದರೆ ಆ ಕೋಣೆ ಗುಮ್ಮಟಕ್ಕೇ ಎಂದೂ ಹೆಡ್‌ಮಾಸ್ಟರು ಗುಟ್ಟಾಗಿ ತಿಳಿಸಿದರು. ಭಾವ ಅಂದು ಎಡಜೇಬನ್ನು ತಟ್ಟಿದ್ದನ್ನು ನಾನು ಎಣಿಸುವುದನ್ನೇ ಬಿಟ್ಟೆ.

ಕೊನೆಯ ವಾರದ ಸೋಮವಾರ ಸಂಜೆ ಏಳೂವರೆಗೆ ಶನಿಗ್ರಹ ನೋಡುವ ಸರದಿ. "ಊರಿನವರೆಲ್ಲ ಶನಿಕಾಟ ತಪ್ಪಲಿ ಅಂತ ಒದ್ದಾಡ್ತಾರೆ, ಇವರು ಕೊಳವೆ ಹಿಡ್ಕೊಂಡು ಅವನನ್ನ ಹುಡುಕ್ಕೊಂಡು ಹೋಗ್ತಾರೆ," ಎಂದು ಅಕ್ಕ ಮಡಿಸುವ ಕುರ್ಚಿಯನ್ನು ನನ್ನ ತಲೆಗೆ ಕಟ್ಟಿ ಕಳುಹಿಸಿದಳು. ಇಪ್ಪತ್ತನಾಲ್ಕು ಮಕ್ಕಳು, ತಲಾ ಎರಡು ನಿಮಿಷ ನೋಡಬೇಕು, ಪಕ್ಕಕ್ಕೆ ಬಂದು ಕೆಂಪು ಟಾರ್ಚಿನ ಬೆಳಕಲ್ಲಿ ಕಂಡದ್ದನ್ನು ಬರೆಯಬೇಕು, ಯಾರೂ ಯಾರೊಡನೆಯೂ ಮಾತಾಡಬಾರದು. ಕೊನೆಯಲ್ಲಿ ನನ್ನ ಕೈಗೂ ಒಂದು ಹಾಳೆ ತುರುಕಿದರು. ನಾನೂ ನೋಡಿದೆ, ಏನೋ ಗೀಚಿ ಕೊಟ್ಟೆ, ಕುರ್ಚಿ ಮಡಿಸಿದೆ. ಭಾವ ಹಾಳೆಗಳನ್ನೆಲ್ಲ ಒಂದು ಸಲ ತಿರುವಿದರು. ಮುಖದಲ್ಲಿ ಏನೂ ಇರಲಿಲ್ಲ. "ನಾಳೆ ಮತ್ತೆ ನೋಡೋಣ," ಎಂದಷ್ಟೇ ಹೇಳಿದರು.

ನಾಳೆ ಮೋಡ. ನಾಡಿದ್ದೂ ಮೋಡ. ಶುಕ್ರವಾರದವರೆಗೂ ಆಕಾಶ ಒದ್ದೆ ಕಂಬಳಿಯ ಹಾಗೆ ಕವಿದುಕೊಂಡಿತ್ತು.

ಶುಕ್ರವಾರ ಮಧ್ಯಾಹ್ನ ಹೆಡ್‌ಮಾಸ್ಟರು ಅಂಗಡಿಗೆ ಓಡಿ ಬಂದರು. "ನಿಮ್ಮ ಭಾವನಿಗೆ ಸ್ವಲ್ಪ ಬುದ್ಧಿ ಹೇಳಿ. ಮಕ್ಕಳು ಎಷ್ಟು ಚೆನ್ನಾಗಿ ಬರೆದಿದ್ದಾರೆ! ಉಂಗುರ ಏನು, ನೆರಳು ಏನು, ಚೌಕಟ್ಟು ಹಾಕಿಸೋ ಹಾಗಿದೆ. ಅದನ್ನ ಗೋಡೆಗೆ ಹಾಕಲ್ವಂತೆ."

"ಯಾಕಂತೆ?"

"ಅದನ್ನ ಹೇಳಿದ್ರೆ ಅವರು ನಿಮ್ಮ ಭಾವ ಹೇಗಾಗ್ತಾರೆ?"

ಅಂಗಡಿಗೆ ಅರ್ಧ ಬಾಗಿಲು ಎಳೆದು ಶಾಲೆಗೆ ಹೋದೆ. ಭಾವ ತರಗತಿಯ ನೆಲದ ಮೇಲೆ ಚಕ್ಕಳಮಕ್ಕಳ ಕೂತಿದ್ದರು, ಕೋಟು ಸಮೇತ. ಸುತ್ತ ಹಾಳೆಗಳು. ಇಪ್ಪತ್ತಮೂರರಲ್ಲಿ ಶನಿ ಅಗಲವಾದ ಉಂಗುರ ತೊಟ್ಟು ಮದುಮಗನಂತೆ ಕಂಗೊಳಿಸುತ್ತಿತ್ತು. ಒಂದರಲ್ಲಿ ಮಾತ್ರ ಒಂದು ಪುಟ್ಟ ದುಂಡು, ಅದರ ನಡುವೆ ಅಡ್ಡಕ್ಕೆ ಒಂದು ತೆಳ್ಳನೆಯ ಗೆರೆ, ಎರಡೂ ಬದಿಗೆ ಚೂರು ಚಾಚಿಕೊಂಡದ್ದು. ಕೆಳಗೆ ಗುಂಡು ಅಕ್ಷರದಲ್ಲಿ: "ಮಣಿಗೆ ಸೂಜಿ ಚುಚ್ಚಿದ ಹಾಗಿದೆ." ಬುಡ್ಡಿಯದು.

"ಈ ಹುಡುಗಿ ಉಂಗುರಾನೇ ಬರೆದಿಲ್ವಲ್ಲ ಭಾವ?"

"ಇರಲಿ, ನಿನ್ನ ಕನ್ನಡಕದ ಗಾಜನ್ನ ಅಂಚಿನಿಂದ ನೋಡಿದ್ರೆ ಏನು ಕಾಣುತ್ತೆ?"

ಗೆರೆ ಕಾಣುತ್ತದೆ. ಅಷ್ಟು ಹೊತ್ತಿಗೆ ನನಗೆ ಅರ್ಥವಾಯಿತು. ಹದಿನೈದು ವರ್ಷಕ್ಕೊಮ್ಮೆ ಶನಿ ತನ್ನ ಉಂಗುರದ ಅಂಚನ್ನು ನಮ್ಮ ಕಡೆ ತಿರುಗಿಸುತ್ತದಂತೆ, ಆಗ ಉಂಗುರವೆಂಬುದು ಬರೀ ಗೀಟು. ಅದು ಅಂಥದೇ ವರ್ಷ. ಇಪ್ಪತ್ತಮೂರು ಮಕ್ಕಳು ಕೊಳವೆಯಲ್ಲಿ ಕಣ್ಣಿಟ್ಟು ಪಠ್ಯಪುಸ್ತಕದ ಚಿತ್ರವನ್ನು ಬರೆದಿದ್ದರು.

"ಸರಿ, ಮೊದಲೇ ಒಂದು ಮಾತು ಹೇಳೋಕೆ ನಿಮಗೇನಾಗಿತ್ತು? ಈ ಸಲ ಗೆರೆ ಇರುತ್ತೆ ಕಣ್ರೋ ಅಂತ?"

"ಹೇಳಿದ್ರೆ ಎಲ್ಲಾ ಗೆರೆ ಎಳೀತಿದ್ರು. ಅದೂ ನೋಡಿದ್ದಲ್ಲ, ಕೇಳಿದ್ದು."

ವ್ಯಾಪಾರಿಯ ಬುದ್ಧಿ, ಹಾವೂ ಸಾಯಬೇಕು ಕೋಲೂ ಮುರಿಯಬಾರದು. "ಎಲ್ಲಾನೂ ಹಾಕಿ, ಮೇಲೆ 'ಮಕ್ಕಳ ಕಲ್ಪನೆಯ ಶನಿ' ಅಂತ ಬರೆದುಬಿಡಿ. ಗುಮ್ಮಟ ನಿಮ್ಮದು," ಎಂದೆ.

"ಕಲ್ಪನೆ ಮಾಡೋದು ತಪ್ಪಲ್ಲ. ಆದ್ರೆ ಅದು ಕಲ್ಪನೆ ಅಂತ ಅವರಿಗೇ ಗೊತ್ತಿಲ್ವಲ್ಲ."

ನನಗೆ ರೇಗಿತು. ಇಪ್ಪತ್ತು ವರ್ಷ ಜೇಬಿನಲ್ಲಿಟ್ಟು ತಟ್ಟಿದ್ದನ್ನು ಒಂದು ಗೀಟಿನ ಮೇಲೆ ಕಳೆದುಕೊಳ್ಳುವುದೆಂದರೇನು? "ಭಾವ, ಇಪ್ಪತ್ತಮೂರು ಮಕ್ಕಳೂ ಕುರುಡರು, ಒಬ್ಬಳು ದಪ್ಪ ಕನ್ನಡಕದವಳಿಗೆ ಮಾತ್ರ ಕಣ್ಣು ಅಂತೀರಾ? ಎದುರಿಗಿರೋದನ್ನ ಬಿಟ್ಟು ಯಾರಾದ್ರೂ ಇಲ್ಲದ್ದನ್ನ ಬರೀತಾರಾ?" ಎಂದು ಕೂಗಾಡಿದೆ.

ಅವರು ಕೋಟಿನ ಬಲಗಡೆಯ ಜೇಬಿಗೆ ಕೈಹಾಕಿ, ನಾಲ್ಕು ಮಡಿಕೆಯ ಒಂದು ಹಾಳೆ ತೆಗೆದು ನನ್ನ ಮುಂದೆ ಹಿಡಿದರು. ದಿನಾಂಕ, ಗಂಟೆ, ನಿಮಿಷ. ಕೆಳಗೆ ನನ್ನದೇ ಅಂಗಡಿಯ ರಸೀತಿಗೆ ಹಾಕುವ ಸೊಟ್ಟ ಸಹಿ. ನಡುವೆ, ಚೆನ್ನಾಗಿ ಅಗಲವಾಗಿ, ಕೈಬಳೆಯಷ್ಟು ಅಚ್ಚುಕಟ್ಟಾಗಿ, ಒಂದು ಉಂಗುರ.

ಎರಡು ಹಲಗೆ ಮಾಡಿಸಿಟ್ಟ ಜಾಣ ನಾನು. ಊರಿನವರ ಬಾಯಿಪಾಠ ಹಿಡಿಯುವವನು. "ಬೇರೆಯವರಿಗೆ ತೋರಿಸಿಲ್ಲ," ಎಂದು ಭಾವ ಅದನ್ನು ಮತ್ತೆ ಮಡಿಸಿ ಜೇಬಿಗೆ ಸೇರಿಸಿದರು. ಆ ಮನುಷ್ಯನಲ್ಲಿ ಕರುಣೆಯೂ ಹೀಗೇ, ಎದುರಾಳಿ ನೆಲಕ್ಕೆ ಬಿದ್ದ ಮೇಲೆ ಬರುತ್ತದೆ.

ಶನಿವಾರ ಐದಕ್ಕೆ ಪ್ರದರ್ಶನ. ಕೋಲಿನ ನೆರಳಿನ ನಕ್ಷೆಗಳು ಒಂದು ಗೋಡೆಗೆ. ಎದುರುಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ "ಶನಿ". ಅದರ ಕೆಳಗೆ ಇಪ್ಪತ್ತಮೂರು ಖಾಲಿ ಹಾಳೆ, ಪ್ರತಿಯೊಂದರ ಬುಡದಲ್ಲಿ ಮಗುವಿನ ಹೆಸರು ಮತ್ತು ಒಂದೇ ವಾಕ್ಯ: "ಮೋಡವಿದೆ, ಮತ್ತೆ ನೋಡಬೇಕು." ನಡುವೆ ಆ ಮಣಿ, ಆ ಸೂಜಿ. ತಮ್ಮ ತಮ್ಮ ಮಕ್ಕಳ ಹೆಸರಿನ ಮುಂದೆ ಬಟಾಬಯಲು ಕಂಡ ತಾಯಂದಿರ ಮುಖದಲ್ಲಿ ಗುಡುಗು ಮಾತ್ರ ಬಾಕಿ. ಅಕ್ಕ ನನ್ನ ಕಿವಿಯಲ್ಲಿ, "ನನ್ನ ಗಂಡ ಬಿಳಿ ಕಾಗದ ಪ್ರದರ್ಶನಕ್ಕಿಟ್ಟಿದ್ದಾರೆ. ಯಾರಾದ್ರೂ ಕೇಳಿದ್ರೆ ನೀನು ನನಗೆ ತಮ್ಮ ಅಲ್ಲ, ನಾನು ನಿನಗೆ ಅಕ್ಕ ಅಲ್ಲ," ಎಂದಳು.

ಅಧ್ಯಕ್ಷೆ ಬಂದರು. ಗೋಡೆಯ ಉದ್ದಕ್ಕೂ ನಡೆದು, ಕನ್ನಡಕ ಏರಿಸಿ, ಇಳಿಸಿ, "ಚಿತ್ರ ಅಂಟಿಸೋದಕ್ಕೆ ಮರೆತ್ರಾ?" ಎಂದು ಕೇಳಿದರು. ಹೆಡ್‌ಮಾಸ್ಟರು ನಕ್ಕ ನಗು ಅಳುವಿಗೆ ಹತ್ತಿರವಿತ್ತು. ಭಾವ ಕತ್ತನ್ನು ಬಲಕ್ಕೆ ವಾಲಿಸಿದರು. ಬೇಡ, ಬೇಡ, ಎಂದು ನಾನು ಮನಸ್ಸಿನಲ್ಲೇ ಕೈಮುಗಿಯುವಷ್ಟರಲ್ಲಿ ಬಾಣ ಬಿಟ್ಟಾಗಿತ್ತು: "ಇರಲಿ ಮೇಡಂ, ನಿಮಗೇನು ಕಾಣ್ತಿದೆ?"

ಮೇಡಂ ನಡುವಿನ ಚಿತ್ರದ ಪಕ್ಕ ನಿಂತಿದ್ದ ಬುಡ್ಡಿಯ ಕಡೆ ತಿರುಗಿದರು. "ಶನಿಗೆ ಉಂಗುರ ಎಲ್ಲಮ್ಮಾ?"

"ಕಾಣ್ಲಿಲ್ಲ ಮೇಡಂ. ಗೆರೆ ಕಾಣ್ತು."

"ಪುಸ್ತಕದಲ್ಲಿ ಇದೆಯಲ್ಲ?"

"ಪುಸ್ತಕದಲ್ಲಿದೆ. ಅವತ್ತು ಅಲ್ಲಿರ್ಲಿಲ್ಲ."

ಅಧ್ಯಕ್ಷೆ ಮರುಕದಿಂದ ಹುಡುಗಿಯ ತಲೆ ಸವರಿದರು. "ಪಾಪ, ಕಣ್ಣು ಸ್ವಲ್ಪ ತೊಂದರೆ ಅನ್ಸುತ್ತೆ," ಎಂದು ನನ್ನ ಕಡೆ ನೋಡಿ, "ನೀವು ಕನ್ನಡಕದವರಲ್ವಾ? ಈ ಮಗು ನಂಬರ್ ಇನ್ನೊಂದ್ಸಲ ನೋಡಿಬಿಡಿ," ಎಂದರು.

ಬುಡ್ಡಿ ಕನ್ನಡಕ ತೆಗೆದು ಅಂಗಿಯ ಅಂಚಿಗೆ ಉಜ್ಜತೊಡಗಿದಳು. ಗಾಜಿನಲ್ಲಿ ಕೊಳೆ ಇರಲಿಲ್ಲ. ಭಾವ ಮಾತಾಡುತ್ತಾರೇನೋ ಎಂದು ನೋಡಿದೆ. ಅವರು ಹುಡುಗಿಯನ್ನೇ ನೋಡುತ್ತಿದ್ದರು, ಕೈ ಎಡಜೇಬಿನ ಮೇಲಿತ್ತು, ತಟ್ಟುತ್ತಿರಲಿಲ್ಲ. ಆ ಸಭೆಯಲ್ಲಿ ಅರ್ಧಕ್ಕರ್ಧ ಜನ ನನ್ನ ಗಿರಾಕಿಗಳು. ಸುಮ್ಮನಿದ್ದು "ಆಗಲಿ ಮೇಡಂ" ಎನ್ನುವುದೇ ನಲವತ್ತು ವರ್ಷದ ಅಂಗಡಿ ಕಲಿಸಿದ ವಿದ್ಯೆ.

"ಅವಳ ನಂಬರ್ ಸರಿಯಾಗಿದೆ ಮೇಡಂ," ಎಂದೆ. "ಅವತ್ತು ನಾನೂ ನೋಡಿದ್ದೆ. ಉಂಗುರ ಬರೆದು ಕೊಟ್ಟೆ. ತಪ್ಪು ನನ್ನದು. ಭಾವ, ಅದನ್ನ ತೆಗೀರಿ."

ಭಾವ ಬಲಜೇಬಿನಿಂದ ಹಾಳೆ ತೆಗೆದು, ಬಿಡಿಸಿ, ಬುಡ್ಡಿಯ ಮಣಿಯ ಪಕ್ಕದಲ್ಲಿ ಗುಂಡುಸೂಜಿ ಚುಚ್ಚಿ ನಿಲ್ಲಿಸಿದರು. ಬೆಂಚಿನ ಮೇಲಿದ್ದ ತಂದೆಯೊಬ್ಬರು, "ಹಾಗಾದ್ರೆ ನಮ್ಮ ಕನ್ನಡಕದ ಗತಿ?" ಎಂದರು. ನಗು ಎದ್ದಿತು. ಬುಡ್ಡಿ ಕನ್ನಡಕ ಹಾಕಿಕೊಂಡು ನನ್ನ ಉಂಗುರವನ್ನು ಹತ್ತಿರದಿಂದ ಪರೀಕ್ಷಿಸಿ, "ಚಿತ್ರ ಚೆನ್ನಾಗಿದೆ ಅಂಕಲ್," ಎಂದಳು.

ಅಧ್ಯಕ್ಷೆ ನಗಲಿಲ್ಲ. ಗೇಟಿನ ಬಳಿ ಹೆಡ್‌ಮಾಸ್ಟರಿಗೆ ಎರಡು ಮಾತು ಹೇಳಿ ಹೋದರು. ಆ ಎರಡು ಮಾತನ್ನು ಹೆಡ್‌ಮಾಸ್ಟರು ನಮಗೆ ತಂದು ಒಪ್ಪಿಸಿದರು: ಮೇಲಿನ ಕೋಣೆ ಮುರಿದ ಬೆಂಚುಗಳನ್ನು ಇಡಲು. ಭಾವ ಎಡಜೇಬಿನ ಕಾಗದವನ್ನು ಹೊರತೆಗೆದು, ಬಿಡಿಸದೆ, ಮಡಿಕೆಗಳ ಮೇಲೆ ಬೆರಳಾಡಿಸಿ, ಮತ್ತೆ ಅಲ್ಲೇ ಇಟ್ಟರು. ಮನೆಯವರೆಗೂ ನಾನು ಅವರ ಎಡಕ್ಕೆ, ಚರಂಡಿಯ ಪಕ್ಕ ನಡೆದೆ. ಅಕ್ಕ ಬಲಕ್ಕಿದ್ದಳು. ಅವಳೂ ಬೈಯಲಿಲ್ಲವಾದ್ದರಿಂದ ಪೆಟ್ಟು ಜೋರಾಗಿಯೇ ಬಿದ್ದಿದೆಯೆಂದು ತಿಳಿಯಿತು.

ಭಾನುವಾರ ಸಂಜೆ, ಶಿಬಿರ ಮುಗಿದು, ಎಲ್ಲ ಮುಗಿದ ಮೇಲೆ, ಮೋಡ ಒಂದೇ ಏಟಿಗೆ ಹರಿಯಿತು. ಆಕಾಶಕ್ಕಾದರೂ ನಾಚಿಕೆ ಬೇಡವೇ! ನಾನು ಬಾಗಿಲು ಹಾಕುವ ಹೊತ್ತಿಗೆ ಭಾವ ದೂರದರ್ಶಕವನ್ನು ಕೈಗಾಡಿಯಲ್ಲಿ ಹೇರಿಕೊಂಡು ಬಂದರು. "ನಿನ್ನ ತಾರಸಿ ಖಾಲಿ ಇದೆಯಲ್ಲ," ಎಂದರು. ಅದು ಪ್ರಶ್ನೆಯಾಗಿರಲಿಲ್ಲ. ಅವರ ಬೆನ್ನಿಗೆ ಬುಡ್ಡಿ, ಅವಳ ಬೆನ್ನಿಗೆ ಮೂವರು, ಅರ್ಧ ಗಂಟೆಯಲ್ಲಿ ಕನ್ನಡಿಗಳ ನಡುವೆ, ಚೌಕಟ್ಟುಗಳ ಕಪಾಟಿನ ಪಕ್ಕ, ಮೆಟ್ಟಿಲ ಉದ್ದಕ್ಕೂ ಮಕ್ಕಳು. ಕೈಯಲ್ಲಿ ಗೋಡೆಯಿಂದ ಬಿಚ್ಚಿ ತಂದ, ತಮ್ಮ ತಮ್ಮ ಹೆಸರಿನ ಖಾಲಿ ಹಾಳೆ. ಯಾರೂ ಕರೆದಿರಲಿಲ್ಲ. ನಿನ್ನೆ ಮುಖ ಗಂಟಿಕ್ಕಿದ್ದ ತಾಯಂದಿರಲ್ಲಿ ಇಬ್ಬರು ತಾವೂ ಸರದಿಯಲ್ಲಿದ್ದರು. ಎಲ್ಲರಿಗೂ ಈಗ ಗೆರೆಯ ಸಂಗತಿ ಗೊತ್ತಾಗಿತ್ತಲ್ಲ, ಇನ್ನೇನು ನೋಡುವುದಿದೆ ಎಂದುಕೊಂಡೆ. ಆದರೆ ಒಬ್ಬ ಹುಡುಗ ಗೆರೆಯ ಪಕ್ಕ ಒಂದು ಚುಕ್ಕೆ ಬರೆದ. ಇನ್ನೊಬ್ಬಳು ಗೆರೆ ಒಂದು ಬದಿಗೆ ಚೂರು ಗಿಡ್ಡ ಎಂದಳು. ಮೂರನೆಯವನು ತನಗೆ ಗೆರೆಯೇ ಕಾಣಲಿಲ್ಲವೆಂದು ಬರೀ ದುಂಡು ಬರೆದು, ಧೈರ್ಯವಾಗಿ ಹೆಸರು ಹಾಕಿ ಕೊಟ್ಟ. ಭಾವ ಅವನ ಬೆನ್ನು ತಟ್ಟಿದ್ದನ್ನು ನೋಡಿದೆ. ಅದು ಅವರು ಆ ಜೇಬಿನ ಹೊರತು ಬೇರೇನನ್ನಾದರೂ ತಟ್ಟಿದ್ದನ್ನು ನಾನು ಕಂಡ ಮೊದಲ ಸಲ.

ಕೊನೆಗೆ ನನ್ನ ಸರದಿ. ಬಹಳ ಹೊತ್ತು ನೋಡಿದೆ, ಬರೆದೆ, ಸೊಟ್ಟ ಸಹಿ ಹಾಕಿ ಕೊಟ್ಟೆ. ಭಾವ ಟಾರ್ಚಿನ ಕೆಂಪು ಬೆಳಕಲ್ಲಿ ನೋಡಿದರು. ನಾಲ್ಕಾಗಿ ಮಡಿಸಿ ಬಲಜೇಬಿಗೆ ಹಾಕಿಕೊಂಡರು.

"ಸರಿ ಇದೆಯಾ?" ಎಂದೆ.

"ಇರಲಿ," ಎಂದರು.

ಹೊಸ ಕನ್ನಡಕ ಹಾಕಿಕೊಂಡವರಿಗೆ ಮೊದಲ ವಾರ ನೆಲ ಏರುಪೇರಾಗಿ ಕಾಣುತ್ತದೆ, ಮೆಟ್ಟಿಲು ತಪ್ಪುತ್ತದೆ, ತಲೆ ನೋಯುತ್ತದೆ. ಅವರು ನೆಟ್ಟಗೆ ಅಂಗಡಿಗೆ ಬಂದು ಮಾರಿದವನ ಮೇಲೆ ಹರಿಹಾಯುತ್ತಾರೆ, ಹಳೆಯ ಮಬ್ಬೇ ಎಷ್ಟೋ ಸುಖವಾಗಿತ್ತೆನ್ನುತ್ತಾರೆ. ಭಾವನಂಥವರನ್ನು ಕಟ್ಟಿಕೊಂಡ ಲೋಕದ್ದೂ ಅದೇ ಪಾಡು. ಗಿರಾಕಿ ಕೇಳಿದ್ದನ್ನು ಕಟ್ಟಿಕೊಟ್ಟು ಕಳುಹಿಸುವ ನಮ್ಮಂಥವರ ಬೀದಿಯಲ್ಲಿ ಈ ಜಾತಿಯವರು ಬಾಗಿಲು ತೆರೆದು ಕೂತಿರುತ್ತಾರೆ, ಏನನ್ನೂ ಮಾರುವುದಿಲ್ಲ; ಹೋದವನಿಗೆ ಅವನ ಕಣ್ಣನ್ನೇ ವಾಪಸು ಕೊಟ್ಟು, ಮತ್ತೆ ನೋಡಿ ಬಾ ಎಂದು ಅಟ್ಟುತ್ತಾರೆ. ಅವರಿಗೆ ಗುಮ್ಮಟ ಸಿಗುವುದಿಲ್ಲ, ಸಿಗಬೇಕಾದದ್ದು ಮುರಿದ ಬೆಂಚುಗಳ ಪಾಲಾಗುತ್ತದೆ, ಕೊನೆಗೆ ಯಾರದೋ ತಾರಸಿಯ ಮೇಲೆ ಬೀಡು ಬಿಡುತ್ತಾರೆ, ಆ ಯಾರೋ ನಾನಾಗಿರುತ್ತೇನೆ. ಬೈಯುತ್ತಲೇ ಬಾಗಿಲು ತೆಗೆಯುತ್ತೇವೆ. ನಾಲ್ಕು ಬೇಸಗೆ ಕಳೆದವು. ನನ್ನ ಆ ಎರಡನೆಯ ಚಿತ್ರ ಸರಿಯೋ ತಪ್ಪೋ, ಆ ಪುಣ್ಯಾತ್ಮ ಇವತ್ತಿಗೂ ಹೇಳಿಲ್ಲ.